ಗುಬ್ಬಿಗಿಟ್ಟ ಕಾಳು, ಅಳಿಲಿನ ಬಾಯಿಗೆ

ಹಿತ್ತಲಲ್ಲಿ ಹಕ್ಕಿಗೆಂದು ಕಾಳಿಟ್ಟರೆ ಮೊದಲು ಬರುವುದು ಹಕ್ಕಿಯಲ್ಲ, ಅಳಿಲು. ಬಂದದ್ದು ನಾಲ್ಕು ಕಾಳು ತಿಂದು ಹೋಗುವುದೂ ಇಲ್ಲ. ತಟ್ಟೆಯ ನಡುವೆ ಕುಕ್ಕರುಗಾಲಲ್ಲಿ ಕೂತು, ಮುಂಗಾಲಲ್ಲಿ ಕಾಳು ಹಿಡಿದು, ಸಿಪ್ಪೆ ಸುಲಿದು ಉದುರಿಸುತ್ತಾ, ತಟ್ಟೆ ಬರಿದಾಗುವ ತನಕ ಜಾಗ ಬಿಡುವುದಿಲ್ಲ. ಅಷ್ಟು ಹೊತ್ತೂ ಗುಬ್ಬಿಗಳು ಸೀಬೆ ಕೊಂಬೆಯ ಮೇಲೆ ಕೂತು ಕಾಯಬೇಕು.

ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿ ಎಂದರೆ ಹೊರಗಿನವರಿಗೆ ದೇವೇಗೌಡರು ಹುಟ್ಟಿದ ಊರು. ಮನೆ, ತೋಟ ನೋಡಿಕೊಂಡಿರುವ ನನ್ನಂಥವರಿಗೆ ತೆಂಗು, ರಾಗಿಯ ಊರು. ತೆಂಗಿದ್ದ ಕಡೆ ಅಳಿಲು ಇದ್ದೇ ಇರುತ್ತದೆ. ಗೂಡಿಗೆ ನಾರು, ತಿನ್ನಲು ಹೊಂಬಾಳೆ, ಓಡಾಡಲು ಗರಿಯಿಂದ ಗರಿಗೆ ಹೆದ್ದಾರಿ. ಅದನ್ನು ಊರು ಬಿಡಿಸುವ ಮಾತೇ ಇಲ್ಲ. ಹಕ್ಕಿಯ ತಟ್ಟೆಗೆ ಬಾರದಂತೆ ಮಾಡಬಹುದೇ ಎಂಬುದಷ್ಟೇ ಪ್ರಶ್ನೆ. ಮಾಡಬಹುದು. ಅದಕ್ಕೆ ಬೇಕಾದ ಸಾಮಾನೆಲ್ಲ ತೋಟದಲ್ಲೇ ಬಿದ್ದಿರುತ್ತದೆ.

ಹಿಂದೆ ಹಕ್ಕಿಗೆ ಬೇರೆ ತಟ್ಟೆ ಇಡುವ ಅಗತ್ಯವೇ ಇರಲಿಲ್ಲ. ಸುಗ್ಗಿಯಲ್ಲಿ ಕಣದಲ್ಲಿ ತೂರಿದ ಮೇಲೆ ಉಳಿದ ಕಾಳು ಅವುಗಳದ್ದೇ. ಹೆಂಚಿನ ಸಂದಿ ಗೂಡಿಗಾಗುತ್ತಿತ್ತು. ಈಗ ಕಟಾವು ಯಂತ್ರ ಗದ್ದೆಯಲ್ಲೇ ಭತ್ತ ಬಿಡಿಸಿ ಕೊಡುತ್ತದೆ, ಮನೆಗಳಿಗೆ ಆರ್‌ಸಿಸಿ ಬಂದಿದೆ. 2010ರಿಂದ ಮಾರ್ಚ್ 20ನ್ನು ವಿಶ್ವ ಗುಬ್ಬಚ್ಚಿ ದಿನವೆಂದು ಆಚರಿಸುತ್ತಿದ್ದಾರೆ. ನಮ್ಮ ಅತ್ತೆಮ್ಮ ಅದಕ್ಕೂ ಬಹಳ ಮೊದಲಿನಿಂದ ಸುಗ್ಗಿ ಬಂದರೆ ಭತ್ತದ ತೆನೆ ಹೆಣೆದು ಜಗುಲಿಯ ತೊಲೆಗೆ ಕಟ್ಟುತ್ತಾ ಬಂದಿದ್ದಾರೆ. ಅಳಿಲು ಆ ತೆನೆಯನ್ನು ಹಾಳು ಮಾಡಿದರೂ ಅವರಿಗೆ ಸಿಟ್ಟಿಲ್ಲ. “ಅದ್ಕೂ ಹೊಟ್ಟೆ ಇಲ್ವೇನವ್ವಾ? ಅದ್ರ ಪಾಲು ಅತ್ಲಾಗೆ ಮಡಗು, ಇತ್ಲಾಗೆ ಬರಾಕಿಲ್ಲ” ಎನ್ನುತ್ತಾರೆ. “ತನ್ನ ಪಾಲು ಮುಗಿಸ್ಕೊಂಡು ಗುಬ್ಬಿ ಪಾಲಿಗೂ ಬತ್ತದೆ ಕಣತ್ತೆಮ್ಮ” ಎನ್ನುವುದು ನನ್ನ ವಾದ. ಈ ವ್ಯಾಜ್ಯ ಇನ್ನೂ ಇತ್ಯರ್ಥವಾಗಿಲ್ಲ.

ಅಮೆರಿಕದ ತೂಕ, ನಮ್ಮ ತೂಕ

ನ್ಯೂಜೆರ್ಸಿಯಲ್ಲಿರುವ ಮಗಳು ಒಮ್ಮೆ ಬರುವಾಗ ಅಲ್ಲಿಯ ಕಾಳಿನ ಗೂಡೊಂದನ್ನು ತಂದಳು. ಭಾರದ ಪ್ರಾಣಿ ಕೂತರೆ ಒಳಗಿನ ಸ್ಪ್ರಿಂಗ್ ಇಳಿದು ಕಾಳಿನ ಬಾಯಿ ಮುಚ್ಚಿಕೊಳ್ಳುತ್ತದೆ. ಅಲ್ಲಿಯ ಬೂದು ಅಳಿಲು ಸುಮಾರು ಅರ್ಧ ಕಿಲೋ ತೂಗುತ್ತದೆ, ಪುಟ್ಟ ಹಕ್ಕಿಗಳು ಕೆಲವೇ ಗ್ರಾಂ. ಆದ್ದರಿಂದ ಅಲ್ಲಿ ಈ ಉಪಾಯ ನಡೆಯುತ್ತದೆ. ನಮ್ಮ ಮೂರು ಪಟ್ಟೆಯ ಅಳಿಲು ನೂರು ಗ್ರಾಂ ಆಸುಪಾಸು. ಗೊರವಂಕದ ತೂಕವೂ ಹೆಚ್ಚುಕಡಿಮೆ ಅಷ್ಟೇ, ಗಿಳಿಯದ್ದೂ ಅಷ್ಟೇ. ಸ್ಪ್ರಿಂಗನ್ನು ಸಡಿಲ ಬಿಟ್ಟರೆ ಅಳಿಲು ತಿನ್ನುತ್ತದೆ, ಬಿಗಿ ಮಾಡಿದರೆ ಗಿಳಿಗೂ ಬಾಗಿಲು ಹಾಕಿದಂತೆ. ಸುತ್ತ ತಂತಿ ಜಾಲರಿ ಇರುವ ಗೂಡುಗಳ ಕತೆಯೂ ಇದೇ. ಬೂದು ಅಳಿಲನ್ನು ತಡೆಯುವ ಕಣ್ಣಿನಲ್ಲಿ ನಮ್ಮದು ಸಲೀಸಾಗಿ ನುಸುಳುತ್ತದೆ.

ಹಾಗೆಂದು ಅಮೆರಿಕದವರು ಗೆದ್ದಿದ್ದಾರೆ ಎಂದೇನಿಲ್ಲ. ನಾಸಾದಲ್ಲಿ ಎಂಜಿನಿಯರ್ ಆಗಿದ್ದ ಮಾರ್ಕ್ ರಾಬರ್ 2020ರಲ್ಲಿ ತನ್ನ ಹಿತ್ತಲಿನ ಕಾಳು ಉಳಿಸಿಕೊಳ್ಳಲು ಒಂದಾದ ಮೇಲೊಂದು ಅಡೆತಡೆ ಕಟ್ಟಿ ವಿಡಿಯೊ ಮಾಡಿದರು. ಅಳಿಲುಗಳು ಎಲ್ಲವನ್ನೂ ದಾಟಿ ಕಾಳು ಮುಟ್ಟಿದವು, ಕೋಟ್ಯಂತರ ಜನ ನೋಡಿ ನಕ್ಕರು. ಯಂತ್ರದ ಜಾಣತನಕ್ಕೆ ಅಳಿಲು ಸೋಲುವುದಿಲ್ಲ. ಕಾಲಿಡಲು ಜಾಗವಿಲ್ಲದಿದ್ದರೆ ಮಾತ್ರ ಸೋಲುತ್ತದೆ.

ತೆಂಗಿನ ಮರದ ಪಾಠ

ಇದನ್ನು ತೆಂಗು ಬೆಳೆಗಾರರಿಗೆ ಯಾರೂ ಹೇಳಿಕೊಡಬೇಕಿಲ್ಲ. ಇಲಿ ಹತ್ತದಿರಲೆಂದು ಮರಕ್ಕೆ ತಗಡು ಸುತ್ತುವುದು ಹಳೆಯ ಪದ್ಧತಿ. ನೆಲದಿಂದ ಸುಮಾರು ಎರಡು ಮೀಟರ್ ಎತ್ತರಕ್ಕೆ, 40 ಸೆಂಟಿಮೀಟರ್ ಅಗಲದ ಜಿಐ ತಗಡು ಕಟ್ಟಬೇಕೆಂದು ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಕೇಂದ್ರವೂ ಹೇಳುತ್ತದೆ. ತಗಡಿಗೆ ಉಗುರು ನಾಟುವುದಿಲ್ಲ, ಹತ್ತಿದ್ದು ಜಾರುತ್ತದೆ. ಆದರೆ ಪಕ್ಕದ ಮರದ ಗರಿ ತಾಗುತ್ತಿದ್ದರೆ ತಗಡು ಕಟ್ಟಿಯೂ ದಂಡ. ಕೆಳಗಿನ ದಾರಿ ಮುಚ್ಚಿದರೆ ಮೇಲಿನ ದಾರಿಯಲ್ಲಿ ಬರುತ್ತದೆ.

ಹಕ್ಕಿಯ ತಟ್ಟೆಗೂ ಇದೇ ಲೆಕ್ಕ. ನಮ್ಮ ಹಿತ್ತಲಲ್ಲಿ ಈಗ ಇರುವುದು ಬೋರ್‌ವೆಲ್‌ಗೆ ತಂದು ಮಿಕ್ಕಿದ್ದ ಏಳಡಿಯ ಜಿಐ ಪೈಪು, ಅದರ ತುದಿಗೊಂದು ತಟ್ಟೆ. ನೆಲದಿಂದ ಎದೆಮಟ್ಟಕ್ಕಿಂತ ಮೇಲೆ ಹಳೇ ಎಣ್ಣೆ ಡಬ್ಬದ ತಗಡನ್ನು ಬಿಡಿಸಿ, ಆಲಿಕೆ ಬೋರಲು ಹಾಕಿದ ಹಾಗೆ ಪೈಪಿಗೆ ತೊಡಿಸಿದ್ದೇವೆ. ಅಳಿಲು ಪೈಪು ಹತ್ತಿ ಬಂದು ತಗಡಿನ ಹೊಟ್ಟೆಯೊಳಗೆ ತಲೆ ತೂರಿಸುತ್ತದೆ, ಅಲ್ಲಿಂದ ಮೇಲೆ ದಾರಿಯಿಲ್ಲ. ಅಂಚಿನ ಕಡೆಗೆ ಕೈ ಚಾಚುತ್ತದೆ, ಎಟಕುವುದಿಲ್ಲ. ಬಾಲ ಕುಣಿಸುತ್ತಾ ಚಿಕ್ ಚಿಕ್ ಎಂದು ಒಂದಷ್ಟು ಹೊತ್ತು ಬೈದು ಇಳಿದು ಹೋಗುತ್ತದೆ.

ನೆಲದಿಂದ ನೇರ ಐದಡಿ, ಪಕ್ಕಕ್ಕೆ ಏಳಡಿ, ಮೇಲಿನಿಂದ ಕೆಳಕ್ಕೆ ಒಂಬತ್ತಡಿ ನೆಗೆಯುತ್ತದೆಂದು ಅಮೆರಿಕದವರು ತಮ್ಮ ಅಳಿಲಿನ ಬಗ್ಗೆ ಲೆಕ್ಕ ಇಟ್ಟಿದ್ದಾರೆ. ನಮ್ಮ ಪುಟ್ಟ ಅಳಿಲಿಗೆ ಅಷ್ಟು ಜಾಗ ಬಿಟ್ಟರೆ ಧಾರಾಳವಾಯಿತು. ಗೋಡೆ, ಕೊಂಬೆ, ಬಟ್ಟೆ ಒಣಗಿಸುವ ತಂತಿ, ಯಾವುದೂ ಎಂಟಡಿಯೊಳಗೆ ಇರಬಾರದು. ಪೊದೆಯೂ ಅಷ್ಟೇ ದೂರವಿದ್ದರೆ ಬೆಕ್ಕು ಹೊಂಚು ಹಾಕುವುದಕ್ಕೆ ಆಗುವುದಿಲ್ಲ. ತೀರಾ ಬಯಲಾದರೆ ಬಿಜ್ಜು ಎರಗುತ್ತದೆ, ಆದ್ದರಿಂದ ಪೊದೆಯನ್ನು ಇನ್ನೂ ದೂರ ತಳ್ಳಬೇಡಿ. ತಟ್ಟೆಯನ್ನು ಎರಡು ಕಂಬದ ನಡುವಿನ ತಂತಿಗೆ ನೇತುಹಾಕುವವರು ಆ ತಂತಿಗೆ ಪಿವಿಸಿ ಪೈಪಿನ ತುಂಡುಗಳನ್ನು ಪೋಣಿಸಿದರೆ ಸಾಕು. ಅಳಿಲು ಕಾಲಿಟ್ಟ ಕೂಡಲೇ ಪೈಪು ಗರಗರ ತಿರುಗಿ ಅದನ್ನು ಕೆಳಗೆ ಇಳಿಸುತ್ತದೆ.

ಯಾವ ಕಾಳು?

ಕಡ್ಲೆಕಾಯಿ ಬೀಜ, ಸೂರ್ಯಕಾಂತಿ, ಕೊಬ್ಬರಿ ಚೂರು, ಜೋಳ ಇಟ್ಟರೆ ಅಳಿಲಿಗೆ ಕರೆಯೋಲೆ ಕಳಿಸಿದ ಹಾಗೆ. ಗುಬ್ಬಿಗೂ ರಾಟವಾಳಕ್ಕೂ ಬೇಕಾದದ್ದು ಸಣ್ಣ ಕಾಳು: ರಾಗಿ, ನವಣೆ, ಸಾಮೆ, ನುಚ್ಚಕ್ಕಿ. ಅಳಿಲು ಇವನ್ನು ಮುಟ್ಟುವುದೇ ಇಲ್ಲ ಎನ್ನಲಾರೆ. ಆದರೆ ರಾಗಿಯಂಥ ಕಾಳನ್ನು ಒಂದೊಂದಾಗಿ ಹೆಕ್ಕುವ ಕೆಲಸ ಅದಕ್ಕೆ ಗಿಟ್ಟುವುದಿಲ್ಲ, ಹತ್ತಿರದಲ್ಲಿ ಸೀಬೆಯೋ ಸಪೋಟವೋ ಇದ್ದರೆ ಆ ಕಡೆ ಹೋಗುತ್ತದೆ.

ಇದಕ್ಕಿಂತ ಒಳ್ಳೆಯದು ಹುಚ್ಚೆಳ್ಳು. ರಾಗಿ ಹೊಲದಲ್ಲಿ ಅಕ್ಕಡಿ ಸಾಲಾಗಿ ಹಳದಿ ಹೂ ಬಿಡುತ್ತಿದ್ದ ಈ ಬೆಳೆ ನಮ್ಮಲ್ಲೇ ಕಡಿಮೆಯಾಗುತ್ತಿದೆ. ಅಮೆರಿಕದಲ್ಲಿ ಮಾತ್ರ ಇದೇ ಕಾಳನ್ನು ಫಿಂಚ್ ಹಕ್ಕಿಗಳಿಗೆಂದು ದುಡ್ಡು ಕೊಟ್ಟು ತರುತ್ತಾರೆ. ಭಾರತ, ಇಥಿಯೋಪಿಯಾದ ಕಡೆಯಿಂದ ಹೋಗುವ ಹುಚ್ಚೆಳ್ಳನ್ನು, ಕಳೆ ಬೀಜ ಮೊಳೆಯದಿರಲೆಂದು ಬಿಸಿಮಾಡಿಯೇ ಮಾರಬೇಕೆಂಬ ಕಟ್ಟಳೆ ಅಲ್ಲಿದೆ. ಅಲ್ಲಿಯ ಅಳಿಲಿಗೆ ಇದರ ಮೇಲೆ ಅಷ್ಟು ಆಸೆಯಿಲ್ಲ. ಉತ್ತರ ಕರ್ನಾಟಕದ ಕುಸುಬೆಯನ್ನೂ ಅಳಿಲಿಗೆ ಹಿಡಿಸದ ಕಹಿಕಾಳೆಂದು ಅಲ್ಲಿ ಮಾರುತ್ತಾರೆ.

ಖಾರದ ಪುಡಿ ಬೆರೆಸುವ ಉಪಾಯಕ್ಕೂ ಆಧಾರವಿದೆ. ನಮ್ಮ ಬಾಯಿ ಉರಿಯುವುದು ಮೆಣಸಿನ ಕ್ಯಾಪ್ಸೈಸಿನ್ ನರದ ಒಂದು ಗ್ರಾಹಕವನ್ನು ಕೆರಳಿಸುವುದರಿಂದ. ಆ ಗ್ರಾಹಕವನ್ನು ಗುರುತಿಸಿದ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಬಂತು. ಹಕ್ಕಿಗಳಲ್ಲಿರುವ ಗ್ರಾಹಕ ಕ್ಯಾಪ್ಸೈಸಿನ್‌ಗೆ ಓಗೊಡುವುದಿಲ್ಲವೆಂದು ಅವರ ತಂಡವೇ 2002ರಲ್ಲಿ ತೋರಿಸಿತ್ತು. ಗಿಳಿ ಹಸಿಮೆಣಸಿನಕಾಯಿಯನ್ನು ಕಡಿದು ತಿನ್ನುವುದು, ಯಾರೂ ನೆಡದ ಸೂಜಿಮೆಣಸು ಬೇಲಿಯಲ್ಲಿ ಹುಟ್ಟುವುದು ಇದರಿಂದಲೇ. ಪಿಕಳಾರ ಹಣ್ಣು ನುಂಗಿ ಬೀಜವನ್ನು ಹಿಕ್ಕೆಯಲ್ಲಿ ಇಡಿಯಾಗಿ ಹಾಕುತ್ತದೆ. ಅಳಿಲಿಗೆ ಮಾತ್ರ ನಮ್ಮಂತೆಯೇ ಬಾಯಿ ಉರಿ. ಬ್ಯಾಡಗಿ ಹಾಕಿದರೆ ಬರೀ ಬಣ್ಣ, ಗುಂಟೂರೇ ಆಗಬೇಕು. ಒಂಚೂರು ಎಣ್ಣೆಯಲ್ಲಿ ಕಲಸಿದರೆ ಪುಡಿ ಕಾಳಿಗೆ ಅಂಟುತ್ತದೆ, ಗಾಳಿಗೆ ಹಾರಿ ಹಕ್ಕಿಯ ಕಣ್ಣಿಗೂ ನಿಮ್ಮ ಕಣ್ಣಿಗೂ ಬೀಳುವುದಿಲ್ಲ. ಮಳೆಗಾಲದಲ್ಲಿ ಇದು ನಿಲ್ಲುವುದಿಲ್ಲ. ನನಗಂತೂ ತಗಡಿನ ಮೇಲೇ ಭರವಸೆ ಹೆಚ್ಚು.

ಮಾಡಬಾರದ್ದು

ಪೈಪಿಗೆ ಗ್ರೀಸ್ ಬಳಿಯಬೇಡಿ. ಅದು ರೆಕ್ಕೆಗೆ ಅಂಟಿದರೆ ಗರಿ ನೀರನ್ನೂ ಚಳಿಯನ್ನೂ ತಡೆಯಲಾರದು. ಇಲಿಯ ಅಂಟು ಹಲಗೆ ಇಟ್ಟರೆ ಅಳಿಲಿಗಿಂತ ಮೊದಲು ಗುಬ್ಬಿಯೇ ಸಿಕ್ಕಿಕೊಂಡೀತು. ಪಾಷಾಣವಂತೂ ಬೇಡವೇ ಬೇಡ, ಸತ್ತದ್ದನ್ನು ತಿಂದ ಗೂಬೆಗೂ ಅದು ಕುತ್ತು. ಬೋನಿನಲ್ಲಿ ಹಿಡಿದು ಹೊಳೆಯಾಚೆ ಬಿಟ್ಟು ಬರುವವರು ಇದ್ದಾರೆ. ಹಾಗೆ ಹೋದದ್ದು ತಾಯಿಯಾಗಿದ್ದರೆ ಗೂಡಿನಲ್ಲಿ ಕಣ್ಣು ಬಿಡದ ಎರಡು ಮೂರು ಮರಿ ಸಾಯುತ್ತವೆ, ಇತ್ತ ತೆರವಾದ ಜಾಗಕ್ಕೆ ಮತ್ತೊಂದು ಅಳಿಲು ಬಂದು ಕೂರುತ್ತದೆ. ಗುಬ್ಬಿಗೂಡಿನ ಪೆಟ್ಟಿಗೆಯನ್ನು ತಟ್ಟೆಯ ಹತ್ತಿರ ಕಟ್ಟಬೇಡಿ. ಅವಕಾಶ ಸಿಕ್ಕರೆ ಅಳಿಲು ಮೊಟ್ಟೆಯನ್ನೂ ಬಿಡುವುದಿಲ್ಲ.

ಕೊನೆಯ ಮಾತು ಅಳತೆಯದ್ದು. ಬೆಳಿಗ್ಗೆ ಒಂದು ಹಿಡಿ ಕಾಳು ಸಾಕು, ಹೊತ್ತೇರುವ ಮುಂಚೆ ಹಕ್ಕಿಗಳು ಅದನ್ನು ಮುಗಿಸಬೇಕು. ಡಬ್ಬ ತುಂಬ ಸುರಿದು ವಾರಗಟ್ಟಲೆ ಬಿಟ್ಟರೆ ಕಾಳು ಮುಗ್ಗಿ ಬೂಷ್ಟು ಹಿಡಿಯುತ್ತದೆ, ಹಿಕ್ಕೆ ಬಿದ್ದು ಹಕ್ಕಿಗೆ ರೋಗ ಅಂಟುತ್ತದೆ. ತಟ್ಟೆಯನ್ನು ಆಗಾಗ ಉಜ್ಜಿ ತೊಳೆದು ಬಿಸಿಲಿಗೆ ಒಣಗಿಸಿ, ಕೆಳಗೆ ಉದುರಿದ್ದನ್ನು ಗುಡಿಸಿ. ಸಂಜೆಗೂ ತಟ್ಟೆಯಲ್ಲಿ ಕಾಳು ಉಳಿದಿದ್ದರೆ ನೀವು ಸಾಕುತ್ತಿರುವುದು ಹಕ್ಕಿಯನ್ನೂ ಅಲ್ಲ, ಅಳಿಲನ್ನೂ ಅಲ್ಲ, ಇಲಿಯನ್ನು.