ವೈಕಿಂಗ್ ಕೊಡಲಿಯ ತೂಕ ಎಷ್ಟು?

ಕ್ರಿ.ಶ. 8ರಿಂದ 11ನೇ ಶತಮಾನದವರೆಗೆ ನಾರ್ವೆ, ಡೆನ್ಮಾರ್ಕ್, ಸ್ವೀಡನ್‌ಗಳಿಂದ ಹಡಗೇರಿ ಬಂದು ಯುರೋಪಿನ ಕರಾವಳಿಯಲ್ಲಿ ದಾಳಿಯನ್ನೂ ವ್ಯಾಪಾರವನ್ನೂ ನಡೆಸಿದವರು ವೈಕಿಂಗರು. ಚಲನಚಿತ್ರಗಳಲ್ಲಿ ಇವರ ಕೈಗೆ ಎರಡು ಬಾಯಿಯ ಭಾರೀ ಕೊಡಲಿಯನ್ನು ಕೊಡುವುದು ವಾಡಿಕೆ. ಗೋರಿಗಳಲ್ಲಿ ಸಿಕ್ಕಿರುವ ಯುದ್ಧದ ಕೊಡಲಿಗಳು ಹಾಗಿಲ್ಲ. ಅವಕ್ಕೆ ಒಂದೇ ಬಾಯಿ; ಅಲಗು ಅಗಲ, ಆದರೆ ತೀರ ತೆಳು.

2011ರಲ್ಲಿ ದಕ್ಷಿಣ ನಾರ್ವೆಯ ಲಾಂಗೈಡ್ ಎಂಬಲ್ಲಿ ವೈಕಿಂಗ್ ಕಾಲದ ಗೋರಿಯೊಂದನ್ನು ಅಗೆದಾಗ ಇಂಥ ಕೊಡಲಿ ದೊರೆಯಿತು. ಸಾವಿರ ವರ್ಷ ಮಣ್ಣಿನಲ್ಲಿದ್ದರೂ ಅದರ ಮರದ ಕಾವಿನ ತುಂಡೊಂದು ಕೊಳೆತಿರಲಿಲ್ಲ. ಕಾರಣ ಸ್ವಾರಸ್ಯಕರ. ಕಾವಿಗೆ ಹಿತ್ತಾಳೆಯ ಪಟ್ಟಿ ಸುತ್ತಿತ್ತು. ಹಿತ್ತಾಳೆಯಲ್ಲಿರುವ ತಾಮ್ರದ ಅಯಾನುಗಳು ಮರವನ್ನು ಕೊಳೆಸುವ ಸೂಕ್ಷ್ಮಜೀವಿಗಳಿಗೆ ವಿಷ!

ಕಬ್ಬಿಣದ ಭಾಗಕ್ಕೆ ಆ ಅದೃಷ್ಟವಿರಲಿಲ್ಲ. ತುಕ್ಕು ತಿಂದು ಉಳಿದದ್ದು ಸುಮಾರು 550 ಗ್ರಾಂ. ಮೂಲದಲ್ಲಿ 800 ಗ್ರಾಂ ಇದ್ದಿರಬೇಕೆಂದು ಅಂದಾಜು. ಇದನ್ನು ಆಧರಿಸಿ ಕುಲುಮೆಯಲ್ಲಿ ಪ್ರತಿಕೃತಿಯನ್ನೂ ತಯಾರಿಸಿದರು. ಅದರ ಕಾವು ಸುಮಾರು 110 ಸೆಂ.ಮೀ.

ಇಷ್ಟು ಹಗುರ ಕೊಡಲಿ ಏಕೆ? ತಿರುಗುವ ವಸ್ತುವಿನ ಜಡತ್ವವು ಅದರ ದ್ರವ್ಯರಾಶಿಗೂ, ಅಕ್ಷದಿಂದ ಅದಕ್ಕಿರುವ ದೂರದ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ಕಾವಿನ ತುದಿಗೆ 800 ಗ್ರಾಂ ಬದಲು 2 ಕಿ.ಗ್ರಾಂ ಕಬ್ಬಿಣ ಕೂರಿಸಿದರೆ ಜಡತ್ವ ಎರಡೂವರೆ ಪಟ್ಟು. (ಕಾವಿನ ತೂಕವನ್ನು ಸದ್ಯಕ್ಕೆ ಬಿಡೋಣ.) ಅಷ್ಟೇ ಶಕ್ತಿ ವ್ಯಯಿಸಿ ಬೀಸಿದರೆ ಅದರ ವೇಗ ಹಗುರ ಕೊಡಲಿಯ ವೇಗದ ಶೇ. 63 ಮಾತ್ರ. ಏಟು ತಪ್ಪಿದಾಗ ಅದನ್ನು ತಡೆದು ಹಿಂದಕ್ಕೆಳೆಯುವುದೂ ಕಷ್ಟ. ಅಷ್ಟರಲ್ಲಿ ಎದುರಾಳಿ ಸುಮ್ಮನಿರುತ್ತಾನೆಯೇ? ಸೌದೆ ಸೀಳುವವನಿಗೆ ಈ ಚಿಂತೆಯಿಲ್ಲ. ಅವನ ಕೊಡಲಿ ದಪ್ಪ ಬೆಣೆಯಂತಿರಬೇಕು.

ತೆಳು ಅಲಗು ಬಾಳಲು ಲೋಹದ ಜಾಣ್ಮೆ ಬೇಕು. ಉಕ್ಕು ಆಗ ದುಬಾರಿ. ಆದ್ದರಿಂದ ಮೆದು ಕಬ್ಬಿಣದ ಒಡಲಿಗೆ, ಹೆಚ್ಚು ಇಂಗಾಲವಿರುವ ಉಕ್ಕಿನ ಬಾಯಿಯನ್ನು ಕಾಯಿಸಿ ಬಡಿದು ಬೆಸೆಯುತ್ತಿದ್ದರು. ಉಕ್ಕು ಹರಿತವನ್ನು ಕಾಯುತ್ತದೆ, ಮೆದು ಕಬ್ಬಿಣ ಪೆಟ್ಟನ್ನು ತಾಳುತ್ತದೆ. ನಮ್ಮ ಹಳ್ಳಿಗಳ ಕಮ್ಮಾರರೂ ಕೊಡಲಿಯ ಬಾಯಿಗೆ ಉಕ್ಕು ಹಾಕುವುದುಂಟು. ಮಾರುಕಟ್ಟೆಯ ಪ್ರತಿಕೃತಿಗಳಲ್ಲಿ ಅನೇಕವು ಒಂದೇ ಬಗೆಯ ಉಕ್ಕಿನವು. ಅವು ಗಟ್ಟಿಮುಟ್ಟಾಗಿದ್ದರೂ ಆ ಕಾಲದ ತಂತ್ರವನ್ನು ತೋರಿಸಲಾರವು.

ಕೊಡಲಿಗೆ ಹೆಸರು ಹೆಚ್ಚು. ಬಳಕೆಯಲ್ಲಿ ಹೆಚ್ಚಿದ್ದದ್ದು ಈಟಿ. ಕತ್ತಿಗಿಂತ ಕಡಿಮೆ ಕಬ್ಬಿಣ ಸಾಕು, ದೂರದಿಂದಲೇ ತಿವಿಯಬಹುದು. ಈಟಿಯ ಮೊನೆಯ ಬುಡದಲ್ಲಿರುವ ಟೊಳ್ಳು ಕೊಳವೆಯೊಳಗೆ ಮರದ ಹಿಡಿಕೆಯನ್ನು ತೂರಿಸಿ ಮೊಳೆ ಹೊಡೆಯುತ್ತಿದ್ದರು. ಕೆಲವು ಈಟಿಗಳಲ್ಲಿ ಬೇರೆಬೇರೆ ಬಗೆಯ ಕಬ್ಬಿಣದ ಸರಳುಗಳನ್ನು ಹೊಸೆದು ಬೆಸೆದದ್ದರಿಂದ ಅಲಗಿನ ಮೇಲೆ ಅಲೆಯಂಥ ಚಿತ್ತಾರ ಮೂಡಿದೆ. ಅಗ್ಗದ ಪ್ರತಿಕೃತಿಗಳಲ್ಲಿ ಈ ಚಿತ್ತಾರವನ್ನು ಮೇಲ್ಮೈಯಲ್ಲಷ್ಟೆ ಕೊರೆದಿರುತ್ತಾರೆ. ಉಪ್ಪುಕಾಗದದಿಂದ ಚೆನ್ನಾಗಿ ಉಜ್ಜಿದರೆ ಅದು ಮಾಯ. ಹೊಸೆದು ಮಾಡಿದ ಅಲಗಾದರೆ, ಉಜ್ಜಿದ ಮೇಲೂ ದುರ್ಬಲ ಆಮ್ಲ ಸವರಿದಾಗ ಚಿತ್ತಾರ ಮತ್ತೆ ಕಾಣಿಸಿಕೊಳ್ಳುತ್ತದೆ. ಒಂದೊಂದು ಬಗೆಯ ಲೋಹವನ್ನು ಆಮ್ಲ ಒಂದೊಂದು ವೇಗದಲ್ಲಿ ಕೊರೆಯುತ್ತದೆ.