ಹಾಲಿ ಸಿಕ್ಕಾ

ಹಾಲಿ ಸಿಕ್ಕಾ ಎಂಬುದು ಅಸಫ್ ಜಾಹಿ ವಂಶದ ನಿಜಾಮರು ಆಳಿದ ಹೈದರಾಬಾದ್ ಸಂಸ್ಥಾನದ ಬೆಳ್ಳಿಯ ರೂಪಾಯಿ. 'ಹಾಲಿ' ಎಂದರೆ ಚಲಾವಣೆಯಲ್ಲಿರುವ, 'ಸಿಕ್ಕಾ' ಎಂದರೆ ನಾಣ್ಯ ಎಂದರ್ಥ. ಇಂದಿನ ರಾಯಚೂರು, ಕೊಪ್ಪಳ, ಕಲಬುರಗಿ ಹಾಗೂ ಬೀದರ್ ಪ್ರದೇಶಗಳಲ್ಲಿ ಇದು 20ನೆಯ ಶತಮಾನದ ಮಧ್ಯಭಾಗದವರೆಗೂ ಬಳಕೆಯಲ್ಲಿತ್ತು.

ಇತಿಹಾಸ

1724ರಲ್ಲಿ ಮೊದಲನೆಯ ಅಸಫ್ ಜಾ ಈ ವಂಶದ ಆಳ್ವಿಕೆಗೆ ತಳಹದಿ ಹಾಕಿದನು. 1857ರ ದಂಗೆಯವರೆಗೆ ನಾಣ್ಯಗಳು ಮೊಗಲ್ ಬಾದಶಹರ ಹೆಸರಿನಲ್ಲಿಯೇ ಅಚ್ಚಾಗುತ್ತಿದ್ದವು. ಅಫ್ಜಲ್ ಉದ್ದೌಲನ ಕಾಲದಲ್ಲಿ (1857–1869) ಆ ಹೆಸರನ್ನು ಬಿಟ್ಟು ಅಸಫ್ ಜಾ ಎಂಬ ಬಿರುದನ್ನು ಬಳಸಲಾಯಿತು. ಮೀರ್ ಮಹಬೂಬ್ ಅಲಿ ಖಾನನ ಆಳ್ವಿಕೆಯಲ್ಲಿ, 1903ರಲ್ಲಿ, ಟಂಕಸಾಲೆಯು ಸೈಫಾಬಾದಿಗೆ ವರ್ಗಾವಣೆಗೊಂಡಿತು. ಚಾರ್‌ಮಿನಾರ್ ಚಿತ್ರವುಳ್ಳ ಯಂತ್ರನಿರ್ಮಿತ ರೂಪಾಯಿಯು ಆ ಸುಮಾರಿಗೆ ಬಳಕೆಗೆ ಬಂದಿತು.

ಸ್ವರೂಪ

ರೂಪಾಯಿಯ ತೂಕ 11.178 ಗ್ರಾಂ, ಅದರಲ್ಲಿ ಬೆಳ್ಳಿಯ ಪ್ರಮಾಣ ಶೇ. 81.8. ಅರ್ಧ, ಕಾಲು ಮತ್ತು ಎರಡಾಣೆಯ ಬೆಳ್ಳಿ ನಾಣ್ಯಗಳೂ ಇದ್ದವು. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಚಾರ್‌ಮಿನಾರಿನ ಬಾಗಿಲೊಳಗೆ ಆಳುವ ನಿಜಾಮನ ಹೆಸರಿನ ಮೊದಲ ಅಕ್ಷರವಿರುತ್ತಿತ್ತು: ಮಹಬೂಬ್ ಅಲಿ ಖಾನನಿಗೆ 'ಮೀಮ್', ಉಸ್ಮಾನ್ ಅಲಿ ಖಾನನಿಗೆ 'ಐನ್'. ನಾಣ್ಯದ ಬರಹ ಪರ್ಷಿಯನ್ ಲಿಪಿಯಲ್ಲಿತ್ತು. ಸಂಸ್ಥಾನದ ಕಾಗದದ ನೋಟುಗಳಲ್ಲಿ ಮಾತ್ರ ಕನ್ನಡಕ್ಕೂ ಸ್ಥಾನ ದೊರೆತಿತ್ತು.

ಕಲ್ದಾರ್ ರೂಪಾಯಿಯೊಡನೆ ವಿನಿಮಯ

ಬ್ರಿಟಿಷ್ ಭಾರತದ ರೂಪಾಯಿಯನ್ನು ಜನರು 'ಕಲ್ದಾರ್' ಎನ್ನುತ್ತಿದ್ದರು. ಅದರ ತೂಕ 11.66 ಗ್ರಾಂ, ಬೆಳ್ಳಿ ಶೇ. 91.67. ಹೀಗಾಗಿ ಕಲ್ದಾರಿನಲ್ಲಿ ಸುಮಾರು 10.69 ಗ್ರಾಂ, ಹಾಲಿಯಲ್ಲಿ ಸುಮಾರು 9.14 ಗ್ರಾಂ ಶುದ್ಧ ಬೆಳ್ಳಿಯಿತ್ತು. 7 ಹಾಲಿ ರೂಪಾಯಿಗೆ 6 ಕಲ್ದಾರ್ ಎಂಬ ದರವು ಈ ಪ್ರಮಾಣಕ್ಕೆ ಬಹುಮಟ್ಟಿಗೆ ಹೊಂದುತ್ತದೆ. ಇದರಂತೆ 100 ಕಲ್ದಾರ್ ರೂಪಾಯಿಗೆ 116 ರೂಪಾಯಿ 10 ಆಣೆ 8 ಪೈ ಹಾಲಿ ಕೊಡಬೇಕಾಗುತ್ತಿತ್ತು.

ತುಂಗಭದ್ರೆಯ ಎರಡು ದಡಗಳು

1800ರ ಒಪ್ಪಂದದಂತೆ ನಿಜಾಮನು ತುಂಗಭದ್ರೆಯ ದಕ್ಷಿಣದ ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ಪ್ರದೇಶಗಳು ಮದರಾಸು ಆಧಿಪತ್ಯಕ್ಕೆ ಸೇರಿದವು. 1835ರ ನಂತರ ಅಲ್ಲಿ ಕಂಪನಿಯ ಏಕರೂಪದ ರೂಪಾಯಿಯೇ ಅಧಿಕೃತ ನಾಣ್ಯವಾಯಿತು. ನದಿಯಾಚೆಯ ಕೊಪ್ಪಳ, ಗಂಗಾವತಿಗಳಲ್ಲಿ ಹಾಲಿ ಸಿಕ್ಕಾ ಮುಂದುವರಿಯಿತು. ಎರಡು ದಡಗಳ ಜನರ ಭಾಷೆ ಒಂದೇ ಆದರೂ ಹಣ ಬೇರೆ ಬೇರೆಯಾಗಿತ್ತು. ಆದುದರಿಂದ ದಡದಿಂದ ದಡಕ್ಕೆ ನಡೆಯುವ ವ್ಯವಹಾರದಲ್ಲಿ ಬೆಲೆಯೊಡನೆ ರೂಪಾಯಿ ಯಾವುದೆಂಬುದೂ ಇತ್ಯರ್ಥವಾಗಬೇಕಿತ್ತು. 60 ಕಲ್ದಾರ್ ರೂಪಾಯಿಯ ಸಾಲಕ್ಕೆ 60 ಹಾಲಿ ಎಣಿಸಿಕೊಂಡವನಿಗೆ 10 ಹಾಲಿ ರೂಪಾಯಿ ನಷ್ಟವಾಗುತ್ತಿತ್ತು.

ಅಂತ್ಯ

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಭಾರತದಲ್ಲಿ ವಿಲೀನವಾಯಿತು. 1950ರಲ್ಲಿ ಭಾರತೀಯ ರೂಪಾಯಿಯು ಅದೇ 7ಕ್ಕೆ 6ರ ದರದಲ್ಲಿ ಜೊತೆಯಾಗಿ ಚಲಾವಣೆಗೆ ಬಂದಿತು. ಬಳ್ಳಾರಿ ಜಿಲ್ಲೆಯ ಬಹುಭಾಗವು 1953ರಲ್ಲಿಯೂ ಹೈದರಾಬಾದಿನ ಕನ್ನಡ ಜಿಲ್ಲೆಗಳು 1956ರಲ್ಲಿಯೂ ಮೈಸೂರು ರಾಜ್ಯವನ್ನು ಸೇರಿದವು. ಹಾಲಿ ಸಿಕ್ಕಾದ ಮಾನ್ಯತೆಯು 1959ರಲ್ಲಿ ಪೂರ್ಣವಾಗಿ ರದ್ದಾಯಿತು.