ಆರು ಪುಟ್ಟ ಲೋಟಗಳಲ್ಲಿ ಬೆಂಗಳೂರು

ಬಾಳೆಹಣ್ಣು ಹಾಕಿಲ್ಲ! ಒಂದು ತುಂಡೂ ಇಲ್ಲ, ಎಸೆನ್ಸಿನ ಒಂದು ಹನಿಯೂ ಇಲ್ಲ. ಆದರೂ ಲೋಟ ಮೂಗಿನ ಹತ್ತಿರ ಬಂದ ಕೂಡಲೇ ಚೆನ್ನಾಗಿ ಕಳಿತ ಪಚ್ಚಬಾಳೆಯ ಘಮ, ಅದರ ಬೆನ್ನಿಗೇ ಲವಂಗ. ಇದರೊಳಗಿರುವುದು ಗೋಧಿ ಮತ್ತು ಬಾರ್ಲಿಯ ಮಾಲ್ಟ್, ಒಂದಿಷ್ಟು ಹಾಪ್ಸ್ ಹೂವು, ನೀರು, ಯೀಸ್ಟ್. ಇಷ್ಟೇ. ಬವೇರಿಯಾದ ಈ ಗೋಧಿ ಬಿಯರ್‌ಗೆ ಹೆಫೆವೈಜನ್ ಎನ್ನುತ್ತಾರೆ. ಅದರ ಯೀಸ್ಟ್ ಸಕ್ಕರೆಯನ್ನು ತಿನ್ನುತ್ತ ತಿನ್ನುತ್ತ ಐಸೋಅಮೈಲ್ ಅಸಿಟೇಟ್ ಎಂಬ ವಸ್ತುವನ್ನು ಹೊರಬಿಡುತ್ತದೆ. ಬಾಳೆಹಣ್ಣಿಗೆ ಬಾಳೆಹಣ್ಣಿನ ವಾಸನೆ ಕೊಡುವುದೂ ಅದೇ! ಹುದುಗುವ ತೊಟ್ಟಿಯ ಬಿಸಿ ಎರಡು ಮೂರು ಡಿಗ್ರಿ ಏರಿದರೆ ಬಾಳೆ ಮುಂದಕ್ಕೆ ಬರುತ್ತದೆ, ಇಳಿದರೆ ಲವಂಗ. ಕಣ್ಣಿಗೆ ಕಾಣದ ಜೀವಿಯೊಂದು ಧಾನ್ಯದಿಂದ ಹಣ್ಣನ್ನೂ ಸಾಂಬಾರ ಪದಾರ್ಥವನ್ನೂ ಹೊರತೆಗೆಯುತ್ತದೆ ಎಂದು ತಿಳಿದ ಮೇಲೆ, ಬೆಂಗಳೂರಿನ ಯಾವ ಮೈಕ್ರೋಬ್ರೂವರಿಯಲ್ಲೂ ನನಗೆ ಸುಮ್ಮನೆ ಕೂತು ಕುಡಿಯಲು ಆಗುತ್ತಿಲ್ಲ. ಎದ್ದು ಹೋಗಿ ಗಾಜಿನಾಚೆಯ ತಾಮ್ರದ, ಸ್ಟೀಲಿನ ತೊಟ್ಟಿಗಳನ್ನು ನೋಡಬೇಕು, ಅಲ್ಲಿರುವವರನ್ನು ಮಾತಿಗೆಳೆಯಬೇಕು.

ಈ ಊರಿನಲ್ಲಿ ಈಗ ಇಂಥ 60ಕ್ಕೂ ಹೆಚ್ಚು ಜಾಗಗಳಿವೆ. ಪ್ರತಿಯೊಂದೂ ತನ್ನದೇ ಬಿಯರ್ ಕಾಯಿಸಿ, ಹುದುಗಿಸಿ, ಅದೇ ಸೂರಿನಡಿ ಲೋಟಕ್ಕೆ ಇಳಿಸುತ್ತದೆ. ಹೆಚ್ಚಿನವು ಸೋಸಿದ್ದಲ್ಲ, ಪಾಶ್ಚರೀಕರಿಸಿದ್ದಲ್ಲ. ಯೀಸ್ಟ್ ಇನ್ನೂ ಒಳಗೆ ತೇಲುತ್ತಿರುತ್ತದೆ. ಇಂದಿರಾನಗರದಲ್ಲಿ ಕುಡಿದದ್ದು ಜಯನಗರದ ಅಂಗಡಿಯಲ್ಲಿ ಬಾಟಲಿಯಾಗಿ ಸಿಗುವುದು ಅಪರೂಪ. ಅದನ್ನು ಕುಡಿಯಬೇಕಾದರೆ ಹೆಚ್ಚಾಗಿ ಅಲ್ಲಿಗೇ ಹೋಗಬೇಕು. ಒಂದೇ ಊರಿನೊಳಗೆ ಇಷ್ಟೊಂದು ರುಚಿಗಳು ಒಂದೊಂದು ಬೀದಿಗೆ ಕಟ್ಟಿಕೊಂಡು ಬದುಕುತ್ತಿವೆ!

ಬೆಂಗಳೂರಿಗೆ ಬಿಯರ್ ಹೊಸತೇನಲ್ಲ. 1857ರ ಕ್ಯಾಸಲ್ ಬ್ರೂವರಿಯಿಂದ ಬೇರು ಹಿಡಿದು, 1915ರಲ್ಲಿ ಥಾಮಸ್ ಲೀಷ್‌ಮನ್ ಎಂಬ ಸ್ಕಾಟ್ಲೆಂಡಿನವನ ಕೈಯಲ್ಲಿ ಐದು ಬ್ರೂವರಿಗಳು ಕೂಡಿ ಯುನೈಟೆಡ್ ಬ್ರೂವರೀಸ್ ಆಯಿತು. ಗೋರಾ ಸೈನಿಕರಿಗೆ ದೊಡ್ಡ ಪೀಪಾಯಿಗಳಲ್ಲಿ, ಎತ್ತಿನ ಗಾಡಿಗಳಲ್ಲಿ ಬಿಯರ್ ಹೋಗುತ್ತಿದ್ದ ಕಾಲ ಅದು. ಇಂದು ಯುಬಿ ಸಿಟಿಯ ಗಾಜಿನ ಗೋಪುರಗಳು ನಿಂತಿರುವುದು ಯುನೈಟೆಡ್ ಬ್ರೂವರೀಸ್‌ನ ಹಳೆಯ ಬ್ರೂವರಿಯ ನೆಲದ ಮೇಲೆ. ಆಮೇಲೆ 1980ರ ದಶಕದಲ್ಲಿ ಪಬ್‌ಗಳು ಬಂದವು, ‘ಪಬ್ ನಗರಿ’ ಎಂಬ ಹೆಸರು ಬಂತು, 1989ರಲ್ಲಿ ರೆಸ್ಟ್ ಹೌಸ್ ರಸ್ತೆಯ ಪೀಕೋಸ್ ತೆರೆಯಿತು, ರಾಕ್ ಸಂಗೀತದ ಜೊತೆ ಪಿಚರ್ ಪಿಚರ್ ಡ್ರಾಫ್ಟ್ ಖಾಲಿಯಾದವು. ಆದರೆ ಅಷ್ಟು ಪಬ್‌ಗಳಲ್ಲೂ ಲೋಟದೊಳಗಿನ ರುಚಿ ಮಾತ್ರ ಹೆಚ್ಚುಕಡಿಮೆ ಒಂದೇ. ತಿಳಿ ಹಳದಿ ಲಾಗರ್, ಹಲ್ಲು ಜುಮ್ಮೆನ್ನುವಷ್ಟು ತಣ್ಣಗೆ.

ಈ ಏಕತಾನದಿಂದ ಹೊರಬರುವ ದಾರಿಯನ್ನು ಪುಣೆಯ ಡೂಲಾಲಿ ಮೈಕ್ರೋಬ್ರೂವರಿ 2009ರಲ್ಲಿ ತೋರಿತ್ತು. 2010ರಲ್ಲಿ ಇಂದಿರಾನಗರದ 100 ಅಡಿ ರಸ್ತೆಯಲ್ಲಿ ಟಾಯ್ಟ್ ಬಂತು. 2011ರಲ್ಲಿ ವಿಠಲ್ ಮಲ್ಯ ರಸ್ತೆಯಲ್ಲಿ, ಅಂದರೆ ಆ ಹಳೆಯ ಬ್ರೂವರಿ ಇದ್ದ ರಸ್ತೆಯಲ್ಲೇ, ಬಿಯರ್ ಕ್ಲಬ್ ಶುರುವಾಯಿತು. 2012ರಲ್ಲಿ ಮ್ಯಾಗ್ರಾತ್ ರಸ್ತೆಗೆ ಆರ್ಬರ್, ವೈಟ್‌ಫೀಲ್ಡ್‌ಗೆ ವಿಂಡ್‌ಮಿಲ್ಸ್. ಆಮೇಲೆ ಸರ್ಜಾಪುರ, ಹೆಣ್ಣೂರು, ಕೋರಮಂಗಲ, ಜೆ.ಪಿ. ನಗರ, ಹಳೆ ಮದ್ರಾಸು ರಸ್ತೆ... ಊರು ಬೆಳೆದ ದಿಕ್ಕಿಗೆಲ್ಲ ತೊಟ್ಟಿಗಳೂ ಬೆಳೆದವು.

ಎಲ್ಲಿಂದ ಶುರುಮಾಡಬೇಕು ಎಂದು ಕೇಳುವವರಿಗೆ ನನ್ನ ಉತ್ತರ ಒಂದೇ: ಸ್ಯಾಂಪ್ಲರ್ ಹೇಳಿ. ಮರದ ಹಲಗೆಯೊಂದರ ಮೇಲೆ ಐದಾರು ಪುಟ್ಟ ಲೋಟಗಳು ಬರುತ್ತವೆ, ಹುಲ್ಲಿನ ಬಣ್ಣದಿಂದ ಹಿಡಿದು ಕಾಡಿಗೆ ಕಪ್ಪಿನವರೆಗೆ. ಎಡದ ತಿಳಿಯದರಿಂದ ಬಲದ ಗಾಢದ ಕಡೆಗೆ ಸಾಗಬೇಕು. ತಿರುವುಮುರುವು ಮಾಡಿದರೆ ಕಹಿಯೂ ಸುಟ್ಟ ಕಾಳಿನ ರುಚಿಯೂ ನಾಲಗೆಯನ್ನು ಆಕ್ರಮಿಸಿ, ಸೂಕ್ಷ್ಮವಾದದ್ದು ಏನೂ ತಿಳಿಯದು. ಎಷ್ಟೋ ಬ್ರೂವರಿಗಳು ಆಗಾಗ ರುಚಿ ನೋಡುವ ಕೂಟಗಳನ್ನೂ ನಡೆಸುತ್ತವೆ. ಅಲ್ಲಿ ಬ್ರೂವರ್ ತಾನೇ ನಿಂತು ಹೇಳಿಕೊಡುತ್ತಾರೆ: ಮೊದಲು ಬೆಳಕಿಗೆ ಹಿಡಿಯಿರಿ, ನೊರೆ ನೋಡಿ, ಒಂದು ಸುತ್ತು ತಿರುಗಿಸಿ, ಮೂಸಿ, ಆಮೇಲೆ ಒಂದು ಗುಟುಕು. ನುಂಗಲೇಬೇಕು, ಏಕೆಂದರೆ ಗಂಟಲಿಳಿದ ಮೇಲೆ ಮೂಗಿಗೆ ಹಿಂದಿನಿಂದ ಏರಿಬರುವ ಪರಿಮಳದಲ್ಲೇ ಅರ್ಧ ಕತೆ ಇದೆ. ನಡುವೆ ನೀರು, ಸಪ್ಪೆ ಬ್ರೆಡ್ಡು. ಕಾಂಗ್ರೆಸ್ ಕಡ್ಲೆಕಾಯಿ ಬೀಜ ಬೇಡವೇ ಬೇಡ! ಅದು ಬಿಯರ್‌ನ ಜೊತೆಗಾರನೇ, ನಿಜ. ಆದರೆ ರುಚಿ ನೋಡುವ ಹೊತ್ತಿನಲ್ಲಿ ಆ ಖಾರ ಎಲ್ಲವನ್ನೂ ನುಂಗಿಬಿಡುತ್ತದೆ. ಹಲಗೆ ಮುಗಿದ ಮೇಲೆ ಬೇಕಾದಷ್ಟು ತಿನ್ನಿ.

ಇನ್ನೊಂದು ಮಾತು. ತೀರಾ ತಣ್ಣಗೆ ಕೇಳಬೇಡಿ. ಚಳಿಗೆ ನಾಲಗೆ ಮರಗಟ್ಟುತ್ತದೆ, ಪರಿಮಳ ದ್ರವದಿಂದ ಮೇಲೇಳುವುದಿಲ್ಲ. ಸ್ಟೌಟ್ ಎಂಬ ಕಪ್ಪು ಬಿಯರ್‌ನ ಲೋಟವನ್ನು ಹತ್ತು ನಿಮಿಷ ಹಾಗೇ ಬಿಟ್ಟು ಮತ್ತೆ ಮೂಸಿ ನೋಡಿ: ಮೊದಲು ಬರೀ ಕಹಿ ಎನಿಸಿದ್ದು ಈಗ ಚಾಕೊಲೇಟು, ಆಮೇಲೆ ಕಾಫಿ! ಚಿಕ್ಕಮಗಳೂರಿನ ಕಾಫಿಯನ್ನೇ ಸುರಿದು ಮಾಡುವ ಸ್ಟೌಟ್‌ಗಳೂ ಉಂಟು, ಆದರೆ ಏನೂ ಸೇರಿಸದ ಸ್ಟೌಟ್‌ನಲ್ಲೂ ಆ ಘಮ ಇದ್ದೇ ಇರುತ್ತದೆ. ಬಾರ್ಲಿಯನ್ನು ಕಪ್ಪಾಗುವಷ್ಟು ಹುರಿದಾಗ ಹುಟ್ಟಿದ್ದು ಅದು. ಸಾರಜನಕ ತುಂಬಿದ ನೈಟ್ರೋ ಸ್ಟೌಟ್ ಸಿಕ್ಕರಂತೂ ಕುಡಿಯುವ ಮೊದಲು ಒಂದು ನಿಮಿಷ ಬರೀ ನೋಡಿ. ಲೋಟದ ಗೋಡೆಯ ಬದಿಯಲ್ಲಿ ಗುಳ್ಳೆಗಳು ಮೇಲಕ್ಕಲ್ಲ, ಕೆಳಕ್ಕೆ ಇಳಿಯುತ್ತವೆ! ಕಣ್ಣಿನ ಭ್ರಮೆಯಲ್ಲ. ನಡುವೆ ಏರಿದ ದ್ರವ ಅಂಚಿನಲ್ಲಿ ಕೆಳಗಿಳಿಯುವಾಗ ಆ ಕಿರಿದಾದ ಗುಳ್ಳೆಗಳನ್ನೂ ಜೊತೆಗೆ ಎಳೆದೊಯ್ಯುತ್ತದೆ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಐಪಿಎ. ಇಂಡಿಯಾ ಪೇಲ್ ಏಲ್. ಹೆಸರಲ್ಲೇ ನಮ್ಮ ದೇಶ ಇದೆ, ಆದರೆ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಹದಿನೆಂಟನೇ ಶತಮಾನದ ಕೊನೆಗೆ ಲಂಡನ್‌ನ ಬೋ ಬ್ರೂವರಿಯ ಜಾರ್ಜ್ ಹಾಡ್ಜ್‌ಸನ್, ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ತನ್ನ ಏಲ್ ಪೀಪಾಯಿಗಳನ್ನು ಇಲ್ಲಿಗೆ ಕಳಿಸುತ್ತಿದ್ದ. 1820ರ ದಶಕದಲ್ಲಿ ಇಂಗ್ಲೆಂಡಿನದೇ ಬರ್ಟನ್ ಊರಿನ ಬ್ರೂವರ್‌ಗಳೂ ಪೈಪೋಟಿಗೆ ಇಳಿದರು. ಹಡಗು ಗುಡ್ ಹೋಪ್ ಭೂಶಿರವನ್ನು ಸುತ್ತಿ ಬರಲು ತಿಂಗಳುಗಟ್ಟಲೆ ಬೇಕು, ಸಮಭಾಜಕ ವೃತ್ತವನ್ನು ಎರಡು ಸಲ ದಾಟಬೇಕು. ಆ ಸೆಕೆಯಲ್ಲಿ ಬಿಯರ್ ಕೆಡದಿರಲೆಂದು ಹಾಪ್ಸ್ ಧಾರಾಳವಾಗಿ ಸುರಿಯುತ್ತಿದ್ದರು; ಆ ಹೂವಿನ ಕಹಿಗೆ ಬ್ಯಾಕ್ಟೀರಿಯಾಗಳನ್ನು ತಡೆಯುವ ಗುಣವಿದೆ. 1809ರಲ್ಲಿ ಶ್ರೀರಂಗಪಟ್ಟಣದಿಂದ ಬ್ರಿಟಿಷರ ಸೇನೆ ಬಂದು ನೆಲೆಯೂರಿದ ನಮ್ಮ ದಂಡು ಪ್ರದೇಶದಂಥ ಕಡೆಗಳಲ್ಲೇ ಆ ಕಾಲದ ಬಿಯರ್‌ಗೆ ಬಾಯಿಗಳಿದ್ದವು.

ಈಗ ಅದೇ ದಂಡಿನ ಮ್ಯಾಗ್ರಾತ್ ರಸ್ತೆಯಲ್ಲಿ, ಆರ್ಬರ್‌ನಲ್ಲಿ, ‘ರೇಜಿಂಗ್ ಎಲಿಫೆಂಟ್’ ಎಂಬ ಐಪಿಎ ಲೋಟಕ್ಕೆ ಇಳಿಯುತ್ತದೆ. ಆರ್ಬರ್‌ನ ಮೂಲ ಅಮೆರಿಕದ ಮಿಷಿಗನ್‌ನ ಆನ್ ಆರ್ಬರ್ ಊರು. 1995ರಲ್ಲಿ ಅಲ್ಲಿ ಶುರುವಾದ ಬ್ರೂವರಿಯ ಹೆಸರನ್ನು, ಅಲ್ಲಿ ಓದಿದ ಗೌರವ್ ಸಿಕ್ಕಾ ಇಲ್ಲಿಗೆ ತಂದರು. ಇಂಗ್ಲೆಂಡಿನವರು ಇಂಡಿಯಾಕ್ಕೆಂದು ಮಾಡಿದ ಬಿಯರ್, ಅವರೇ ಮರೆಯುತ್ತ ಬಂದದ್ದು, ಅಮೆರಿಕದ ಸಣ್ಣ ಬ್ರೂವರ್‌ಗಳ ಕೈಯಲ್ಲಿ ಕಿತ್ತಳೆ, ಪೈನ್, ಗ್ರೇಪ್‌ಫ್ರೂಟ್‌ನ ಘಮದೊಂದಿಗೆ ಮರುಹುಟ್ಟು ಪಡೆದು, ಇನ್ನೂರು ವರ್ಷಗಳ ಮೇಲೆ ಹಡಗೇ ಹತ್ತದೆ ಬೆಂಗಳೂರಿನಲ್ಲೇ ಕುದಿಯುತ್ತಿದೆ. ಆ ಒಂದು ಕಹಿ ಗುಟುಕಿನಲ್ಲಿ ಮೂರು ಖಂಡಗಳಿವೆ! ಎದುರು ದಿಕ್ಕಿನ ಪಯಣವೂ ಆಗಿದೆ: ಜಾಝ್ ಸಂಗೀತ, ಗೋಡೆ ತುಂಬ ಪುಸ್ತಕಗಳ ವೈಟ್‌ಫೀಲ್ಡ್ ವಿಂಡ್‌ಮಿಲ್ಸ್ ಈಗ ಟೆಕ್ಸಾಸ್‌ನಲ್ಲಿ, ಡಲ್ಲಾಸ್ ಸಮೀಪವೂ ಬಿಯರ್ ಕಾಯಿಸುತ್ತದೆ.

ಟಾಯ್ಟ್‌ನ ‘ಟಿನ್‌ಟಿನ್’ ಬೆಲ್ಜಿಯಂ ಶೈಲಿಯ ವಿಟ್, ಅಂದರೆ ಗೋಧಿ ಬಿಯರ್. ಈ ವಿಟ್‌ಗೆ ಪರಂಪರೆಯಿಂದ ಬೀಳುವುದು ಕಿತ್ತಳೆ ಸಿಪ್ಪೆ ಮತ್ತು ಕೊತ್ತಂಬರಿ ಬೀಜ. ಹೌದು, ನಮ್ಮ ಸಾರಿನ ಪುಡಿಯ ಕೊತ್ತಂಬರಿ ಬೀಜ! ಬೆಲ್ಜಿಯಂನ ಹೂಗಾರ್ಡನ್ ಹಳ್ಳಿಯಲ್ಲಿ ಈ ಬಿಯರ್ ಸತ್ತೇ ಹೋಗಿತ್ತು. ಹಾಲು ಮಾರುತ್ತಿದ್ದ ಪಿಯರ್ ಸೆಲಿಸ್ ಎಂಬಾತ 1960ರ ದಶಕದಲ್ಲಿ ಮತ್ತೆ ಎಬ್ಬಿಸಿದ. ಅವನು ಹಾಗೆ ಮಾಡದಿದ್ದರೆ ಇಂದಿರಾನಗರದ ಸಂಜೆಗಳು ಬೇರೆಯೇ ಇರುತ್ತಿದ್ದವು. ಟಾಯ್ಟ್‌ನಲ್ಲೇ ಬಾಸ್ಮತಿ ಅಕ್ಕಿ ಸೇರಿಸಿದ ‘ಬಾಸ್ಮತಿ ಬ್ಲಾಂಡ್’ ಕೂಡ ಇದೆ. ಹಗುರ, ಒಣ ರುಚಿ. ಕುಂದಾಪುರದ ಕೋಳಿ ಘೀ ರೋಸ್ಟ್ ಜೊತೆ ಬಿಯರ್ ಆರಿಸುವಾಗ ಜನ ಗಾಢವಾದದ್ದನ್ನು ಹುಡುಕುತ್ತಾರೆ. ನಾನು ಹೇಳುವುದಾದರೆ, ತುಪ್ಪವನ್ನೂ ಮೆಣಸಿನಕಾಯಿಯನ್ನೂ ಸಂಭಾಳಿಸಲು ಇಂಥ ಹಗುರವಾದದ್ದೇ ಸರಿ. ಐಪಿಎಯ ಕಹಿ ಖಾರಕ್ಕೆ ಇನ್ನಷ್ಟು ಕಿಚ್ಚು ಹಚ್ಚುತ್ತದೆ.

ಗಾಜಿನಾಚೆಗೆ ಕಾಲಿಡಲು ಅವಕಾಶ ಸಿಕ್ಕರೆ ಬಿಡಬೇಡಿ. ನುಚ್ಚಾದ ಮಾಲ್ಟ್ ಸುಮಾರು 65 ಡಿಗ್ರಿ ಬಿಸಿನೀರಿನಲ್ಲಿ ನೆನೆಯುತ್ತಿರುವಾಗ ಕೋಣೆಯೆಲ್ಲ ಹುರಿದ ಧಾನ್ಯದ, ಬಿಸ್ಕತ್ತಿನ ಪರಿಮಳ. ಆ ಉಷ್ಣತೆಯಲ್ಲಿ ಕಾಳಿನೊಳಗಿನ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಕತ್ತರಿಸುತ್ತವೆ. ಎರಡು ಡಿಗ್ರಿ ಆಚೀಚೆ ಆದರೆ ಬಿಯರ್‌ನ ಮೈಯೇ ಬದಲು. ಆಮೇಲೆ ಹಾಪ್ಸ್ ಜೊತೆ ಒಂದು ಗಂಟೆಯ ಕುದಿತ, ತಣಿಸುವುದು, ಯೀಸ್ಟ್ ಬಿಡುವುದು. ಏಲ್ ಆದರೆ ಎರಡು ಮೂರು ವಾರ, ಲಾಗರ್ ಆದರೆ ಚಳಿಯಲ್ಲಿ ಇನ್ನೂ ಉದ್ದನೆಯ ತಪಸ್ಸು. 2020ರ ಲಾಕ್‌ಡೌನ್‌ನಲ್ಲಿ ತುಂಬಿದ ತೊಟ್ಟಿಗಳ ಮುಂದೆ ಈ ಬ್ರೂವರ್‌ಗಳು ಹೇಗೆ ನಿಂತಿದ್ದಿರಬಹುದು ಎಂದು ನೆನೆದರೆ ಈಗಲೂ ಸಂಕಟವಾಗುತ್ತದೆ. ಜೀವ ಇರುವ ಬಿಯರ್ ಕಾಯುವುದಿಲ್ಲ.

ನೀರಿನ ಸಂಗತಿ ಕೇಳಿದಾಗಲಂತೂ ನಾನು ದಂಗಾದೆ. ಬರ್ಟನ್ ಊರಿನ ನೀರಿನಲ್ಲಿ ಜಿಪ್ಸಮ್ ಜಾಸ್ತಿ, ಅದಕ್ಕೇ ಅಲ್ಲಿನ ಏಲ್‌ಗಳ ಕಹಿ ಹರಿತ. ಚೆಕ್ ದೇಶದ ಪಿಲ್ಸೆನ್‌ನಲ್ಲಿ ನೀರು ಬಲು ಮೃದು, ಅದಕ್ಕೇ ಅಲ್ಲಿನ ಲಾಗರ್ ಅಷ್ಟು ನಯ. ಒಂದೊಂದು ಊರಿನ ಬಿಯರ್ ಅಲ್ಲಿನ ನೆಲದಡಿಯ ಕಲ್ಲಿನ ಕೂಸು. ಬೆಂಗಳೂರಿನಲ್ಲಿ? ಕಾವೇರಿಯದಿರಲಿ, ಕೊಳವೆಬಾವಿಯದಿರಲಿ, ಬ್ರೂವರ್‌ಗಳು ನೀರನ್ನು ಆರ್‌ಒ ಮಾಡಿ ಲವಣಗಳನ್ನೆಲ್ಲ ತೆಗೆದು, ಬೇಕಾದ ಲವಣವನ್ನು ಗ್ರಾಂ ಲೆಕ್ಕದಲ್ಲಿ ಮತ್ತೆ ಸೇರಿಸುತ್ತಾರೆ. ಸೋಮವಾರ ಬರ್ಟನ್‌ನ ನೀರು, ಗುರುವಾರ ಪಿಲ್ಸೆನ್‌ನ ನೀರು, ಎರಡೂ ಒಂದೇ ಪೈಪಿನಿಂದ!

ಸಾರ ಬಸಿದ ಮೇಲೆ ಉಳಿಯುವ ಕಾಳಿನ ಚರಟ ದನಗಳ ಮೇವಾಗುತ್ತದೆ. ಅದರಲ್ಲಿ ನಾರು, ಪ್ರೋಟೀನು ತುಂಬ ಇರುವುದರಿಂದ, ಒಣಗಿಸಿ ಬೀಸಿ ಮನುಷ್ಯರ ಊಟದ ಹಿಟ್ಟು ಮಾಡುವ ‘ಸೇವಿಂಗ್ ಗ್ರೇನ್ಸ್’ ಎಂಬ ಪ್ರಯತ್ನವೂ ಇದೇ ಊರಿನಲ್ಲಿ ನಡೆದಿದೆ.

ಹೋಗುವುದಾದರೆ ಗಾಡಿ ಮನೆಯಲ್ಲೇ ಬಿಡಿ. 2023ರ ಅಕ್ಟೋಬರ್‌ನಿಂದ ನೇರಳೆ ಮಾರ್ಗದ ಮೆಟ್ರೋ ಎಂ.ಜಿ. ರಸ್ತೆ, ಇಂದಿರಾನಗರ, ವೈಟ್‌ಫೀಲ್ಡ್ ಮೂರನ್ನೂ ಒಂದೇ ಸರದಲ್ಲಿ ಪೋಣಿಸಿದೆ.

ನಾನೀಗ ಕಾಯುತ್ತಿರುವುದು ರಾಗಿಗಾಗಿ. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಮಾಲ್ಟ್. ಮಗುವಿನ ಗಂಜಿಗೆಂದು ರಾಗಿಯನ್ನು ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಬಿಸಿಲಿಗೆ ಹರಡಿ, ಹುರಿದು ಬೀಸುವ ನಮ್ಮ ಅಜ್ಜಿಯರು ಮಾಡಿದ್ದೂ ಅಕ್ಷರಶಃ ಅದೇ ಕೆಲಸ. ಮಾವಿನ ಕಾಲಕ್ಕೆ ಮಾವಿನ ಬಿಯರ್ ಬರುತ್ತದೆ, ಬೆಲ್ಲದ್ದು, ಕೋಕಂನದ್ದು ಬಂದುಹೋಗುತ್ತವೆ, ರಾಗಿಯೂ ಬಾರ್ಲಿಯ ಜೊತೆಗೂಡಿ ಆಗೊಮ್ಮೆ ಈಗೊಮ್ಮೆ ಇಣುಕುತ್ತದೆ. ಆದರೆ ಪೂರ್ತಿ ರಾಗಿಯದೇ ಆದರೆ ಕಷ್ಟ ಶುರು. ಬಾರ್ಲಿಯ ಸಿಪ್ಪೆ ತೊಟ್ಟಿಯ ತಳದಲ್ಲಿ ತಾನೇ ಜರಡಿಯಾಗಿ ಕೂತು ಸಾರವನ್ನು ಸೋಸಿಕೊಡುತ್ತದೆ. ರಾಗಿಗೆ ಸಿಪ್ಪೆಯಿಲ್ಲ, ಕಾಳು ಸಾಸಿವೆಯಷ್ಟು. ಇಡೀ ಮಡ್ಡಿ ಹೆಪ್ಪುಗಟ್ಟಿ ಒಂದು ಹನಿಯೂ ಕೆಳಗಿಳಿಯದು. ಅದರ ಪಿಷ್ಟ ಬೇಯಲು ಬಾರ್ಲಿಗಿಂತ ಹೆಚ್ಚು ಬಿಸಿಯೂ ಬೇಕು. ಪರಿಹಾರ ಕೂಡ ನಮ್ಮ ಗದ್ದೆಯಲ್ಲೇ ಇದೆ: ಗೋಧಿ ಬಿಯರ್ ಮಾಡುವಾಗ ಮಡ್ಡಿ ಕಟ್ಟಿಕೊಳ್ಳದಿರಲೆಂದು ಬ್ರೂವರ್‌ಗಳು ಭತ್ತದ ಹೊಟ್ಟನ್ನು ಬೆರೆಸುವುದುಂಟು. ಮಂಡ್ಯದ ಹೊಟ್ಟು, ತುಮಕೂರಿನ ರಾಗಿ, ಚೂರು ತಾಳ್ಮೆ. ಯಾವ ಬ್ರೂವರ್ ಸಿಕ್ಕರೂ ನಾನು ಈ ಮಾತು ಎತ್ತುತ್ತೇನೆ, ಎತ್ತುತ್ತಲೇ ಇರುತ್ತೇನೆ. ಅದು ಟ್ಯಾಪ್‌ಗೆ ಬಂದ ದಿನ ಮೊದಲ ಲೋಟ ನನಗೆ ಬೇಕು, ಪಕ್ಕದಲ್ಲಿ ಬಿಸಿಬಿಸಿ ನಾಟಿಕೋಳಿ ಸಾರು ಇರಲಿ.